ಮಲೆನಾಡಿನ ಗದ್ದೆಗೆ ಯಾವ ಭತ್ತ? ಚೀಲದ ಮೇಲಿನ ಇಳುವರಿಗಿಂತ ಮೊದಲು ನೋಡಬೇಕಾದ್ದು

ಬೀಜ ಕೊಳ್ಳಲು ಹೋದಾಗ ಮೊದಲು ಕಣ್ಣಿಗೆ ಬೀಳುವುದು ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಅಂಕಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಗದ್ದೆಗೆ ತಳಿ ಆರಿಸುವವರು ಕಟ್ಟಕಡೆಗೆ ನೋಡಬೇಕಾದ ಅಂಕಿಯೂ ಅದೇ. ಅದು ಸುಳ್ಳೇನಲ್ಲ. ಹಲವು ರಾಜ್ಯಗಳ ಹಲವು ಕೇಂದ್ರಗಳಲ್ಲಿ, ನೀರು ಹಿಡಿತದಲ್ಲಿರುವ ತಾಕುಗಳಲ್ಲಿ ಬೆಳೆದು ತೆಗೆದ ಸರಾಸರಿ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದುಕೊಂಡೇ ಇರುವ, ಎಲೆ ಮೇಲಿನ ನೀರು ದಿನವಿಡೀ ಆರದ ನಮ್ಮ ಗದ್ದೆಗೆ ಆ ಸರಾಸರಿ ಹೆಚ್ಚೇನೂ ಹೇಳುವುದಿಲ್ಲ.

ಇಲ್ಲಿ ತಳಿಯ ಹಣೆಬರಹ ಬರೆಯುವುದು ಮೂರು ಸಂಗತಿ: ಹೂ ಬಿಡುವ ದಿನ, ಬೆಂಕಿರೋಗ ಎಂಬ ಶಿಲೀಂಧ್ರ ರೋಗ, ಗದ್ದೆಯಲ್ಲಿ ನೀರು ನಿಲ್ಲುವ ರೀತಿ. ಮೂರನ್ನೂ ದಾಟಿದ ತಳಿಗಳ ನಡುವೆ ಮಾತ್ರ ಇಳುವರಿ, ಅಕ್ಕಿಯ ಸಣ್ಣತನ, ಹುಲ್ಲಿನ ಲೆಕ್ಕ ಹಾಕಬೇಕು. ಒಂದರಲ್ಲಿ ಸೋತ ತಳಿ ಉಳಿದೆರಡರಲ್ಲಿ ಎಷ್ಟೇ ಚೆನ್ನಾಗಿದ್ದರೂ ಕಣಕ್ಕೆ ಬರುವ ಹೊತ್ತಿಗೆ ಜೊಳ್ಳಾಗಿರುತ್ತದೆ.

ತಳಿಯ ಹೆಸರಿನ ಹಿಂದೆ ಇರುವ ಪರೀಕ್ಷೆ

ದೇಶದಲ್ಲಿ ಭತ್ತದ ತಳಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ವ್ಯವಸ್ಥೆ ಶುರುವಾದದ್ದು 1965ರಲ್ಲಿ, ಹೈದರಾಬಾದ್ ಕೇಂದ್ರವಾಗಿ ಅಖಿಲ ಭಾರತ ಸಮನ್ವಿತ ಭತ್ತ ಸುಧಾರಣಾ ಯೋಜನೆ ಆರಂಭವಾದಾಗ. ಅದಕ್ಕೂ ಮೊದಲೇ, 1946ರಲ್ಲಿ, ಕಟಕ್‌ನಲ್ಲಿ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆ ಹುಟ್ಟಿತ್ತು. ಸಮನ್ವಿತ ಯೋಜನೆಯ ಮೊದಲ ದೊಡ್ಡ ಫಲ 1968ರ ಜಯಾ. ತೈಚುಂಗ್ ನೇಟಿವ್ 1 ಮತ್ತು ಟಿ 141 ತಳಿಗಳ ಸಂಕರ ಅದು. ಡೀ-ಜಿಯೋ-ವೂ-ಜೆನ್ ಎಂಬ ಚೀನೀ ಮೂಲದ ಗಿಡ್ಡ ಭತ್ತದಿಂದ ಬಂದ ಗಿಡ್ಡತನದ ವಂಶವಾಹಿ ಜಯಾದಲ್ಲೂ ಇದೆ, ಫಿಲಿಪೀನ್ಸ್‌ನ ಐಆರ್ 8ರಲ್ಲೂ ಇದೆ. ಯೂರಿಯಾ ಹಾಕಿದರೂ ಪೈರು ನೆಲಕ್ಕೆ ಒರಗದೆ ನಿಲ್ಲುವ ಶಕ್ತಿ ಬಂದದ್ದು ಅದರಿಂದಲೇ. ಅದೇ ಗಿಡ್ಡತನ ಮೊಣಕಾಲುದ್ದ ನೀರು ನಿಲ್ಲುವ ಬೈಲುಗದ್ದೆಯಲ್ಲಿ ದೋಷವಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಸ ತಳಿಯೊಂದು ಅಂಗಡಿಗೆ ಬರುವ ದಾರಿ ಉದ್ದ. ಎರಡು ತಳಿಗಳನ್ನು ಸಂಕರ ಮಾಡಿದ ಮೇಲೆ, ಪೀಳಿಗೆಯಿಂದ ಪೀಳಿಗೆಗೆ ಒಡೆಯುವ ಗುಣಗಳನ್ನು ಆರಿಸಿ ಸ್ಥಿರ ಮಾಡಲು ಐದಾರು ಪೀಳಿಗೆ ಬೇಕು. ಸ್ಥಿರವಾದ ಸಾಲಿಗೆ ರಾಷ್ಟ್ರೀಯ ಪ್ರಯೋಗಕ್ಕೆ ಸೇರುವಾಗ ಐಇಟಿ ಸಂಖ್ಯೆ ಸಿಗುತ್ತದೆ. ಗುಡ್ಡಗಾಡು ವಲಯದಲ್ಲಿ ಪರಿಚಿತವಾದ ತುಂಗಾ ತಳಿಯ ಐಇಟಿ 13901 ಇಂಥದ್ದು. ಮೊದಲ ವರ್ಷ ಆರಂಭಿಕ ಪ್ರಯೋಗ, ಅಲ್ಲಿ ಉಳಿದವಕ್ಕೆ ಇನ್ನೆರಡು ವರ್ಷ ಮುಂದುವರಿದ ಪ್ರಯೋಗ. ಪ್ರತಿ ಹಂತದಲ್ಲೂ ಪಕ್ಕದ ತಾಕಿನಲ್ಲಿ ರಾಷ್ಟ್ರಮಟ್ಟದ, ವಲಯದ ಮತ್ತು ಆ ಊರಿನ ಹೋಲಿಕೆ ತಳಿಗಳು ಇರುತ್ತವೆ. ರೋಗ-ಕೀಟದ ಪರೀಕ್ಷೆ ಬೇರೆಯಾಗಿಯೇ ನಡೆಯುತ್ತದೆ. ಇದೆಲ್ಲ ದಾಟಿದ ಮೇಲೆ 1966ರ ಬೀಜ ಕಾಯ್ದೆಯಡಿ ಅಧಿಸೂಚನೆ. ಒಟ್ಟಾರೆ ಹತ್ತು ಹನ್ನೆರಡು ವರ್ಷದ ಮಾತು. ರಾಜ್ಯದೊಳಗಿನ ಬಳಕೆಗೆ ರಾಜ್ಯ ಸಮಿತಿಯ ಮೂಲಕ ಬಿಡುಗಡೆಯಾಗುವ ತಳಿಗಳೂ ಇವೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ 'ಸಹ್ಯಾದ್ರಿ' ಹೆಸರಿನ ತಳಿಗಳಲ್ಲಿ ಕೆಲವು ನಮ್ಮ ವಲಯಕ್ಕೆಂದೇ ಆರಿಸಿದವು.

ಇಷ್ಟು ತಿಳಿದಿದ್ದರೆ ಕೃಷಿ ಕೇಂದ್ರದಲ್ಲಿ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ಈ ತಳಿ ಅಧಿಸೂಚನೆಯಾದದ್ದು ಯಾವ ರಾಜ್ಯಕ್ಕೆ, ಯಾವ ವಲಯಕ್ಕೆ? ಪ್ರಯೋಗ ನಡೆದದ್ದು ನೀರಾವರಿ ಗದ್ದೆಯಲ್ಲೋ, ಮಳೆಯಾಶ್ರಿತ ತಗ್ಗು ಗದ್ದೆಯಲ್ಲೋ? ಬೆಂಕಿರೋಗದ ಅಂಕ ಎಷ್ಟು, ಅದನ್ನು ಕೊಟ್ಟ ಕೇಂದ್ರ ಯಾವುದು? ಕೊಡಗಿನ ಪೊನ್ನಂಪೇಟೆ ಬೆಂಕಿರೋಗಕ್ಕೆ ಹೆಸರಾದ ಪರೀಕ್ಷಾ ಕೇಂದ್ರ. ಅಲ್ಲಿ ನಿಂತ ತಳಿಯ ಮಾತಿಗೆ ಬಯಲುಸೀಮೆಯ ಹತ್ತು ಕೇಂದ್ರಗಳ ಮಾತಿಗಿಂತ ಹೆಚ್ಚು ತೂಕ ಕೊಡಬಹುದು.

ಹೂ ಬಿಡುವ ದಿನವನ್ನು ಹಿಂದಕ್ಕೆ ಎಣಿಸಿ

ಭತ್ತದ ಅವಧಿ 110 ದಿನವಿರಲಿ 160 ದಿನವಿರಲಿ, ಹೂವಿನಿಂದ ಕೊಯ್ಲಿಗೆ ಸುಮಾರು 30 ದಿನ ಬೇಕು. ತೆನೆಯ ಮೊಗ್ಗು ಕಾಂಡದೊಳಗೆ ಮೂಡುವುದು ಅದಕ್ಕೂ 35 ದಿನ ಮೊದಲು. ಹೆಚ್ಚುಕಡಿಮೆಯಾಗುವುದು ಮೊದಲ ಹಂತ ಮಾತ್ರ, ಅಂದರೆ ಮೊಳಕೆಯಿಂದ ತೆಂಡೆ (ಬುಡದ ಮರಿಕಾಂಡ) ಒಡೆಯುವವರೆಗಿನ ಕಾಲ. ಹಾಗಾಗಿ ತಳಿಯ ಅವಧಿಯಿಂದ 30 ಕಳೆದರೆ ಬಿತ್ತಿದ ಎಷ್ಟನೇ ದಿನಕ್ಕೆ ಹೂ ಎಂಬುದು ಸಿಗುತ್ತದೆ.

ಜೂನ್ 15ಕ್ಕೆ ಸಸಿಮಡಿ ಹಾಕಿದರೆ:

120 ದಿನದ ತಳಿ ಸೆಪ್ಟೆಂಬರ್ 13ರ ಹೊತ್ತಿಗೆ ಹೂ ಬಿಟ್ಟು ಅಕ್ಟೋಬರ್ 13ಕ್ಕೆ ಕೊಯ್ಲಿಗೆ ಬರುತ್ತದೆ.
135 ದಿನದ್ದು ಸೆಪ್ಟೆಂಬರ್ 28ಕ್ಕೆ ಹೂ, ಅಕ್ಟೋಬರ್ 28ಕ್ಕೆ ಕೊಯ್ಲು.
150 ದಿನದ್ದು ಅಕ್ಟೋಬರ್ 13ಕ್ಕೆ ಹೂ, ನವೆಂಬರ್ 12ಕ್ಕೆ ಕೊಯ್ಲು.
160 ದಿನದ್ದು ಅಕ್ಟೋಬರ್ 23ಕ್ಕೆ ಹೂ, ನವೆಂಬರ್ 22ಕ್ಕೆ ಕೊಯ್ಲು.

ಮಳೆ ನಕ್ಷತ್ರದ ಲೆಕ್ಕದಲ್ಲಿ ಮೊದಲನೆಯದು ಉತ್ತರೆ ಮಳೆಗೆ ಹೂ ಬಿಟ್ಟು ಚಿತ್ತೆ ಮಳೆಗೆ ಕೊಯ್ಲಿಗೆ ಸಿಗುತ್ತದೆ. ಹೂ ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ತೆರೆದಿರುತ್ತದೆ. ಆ ಹೊತ್ತಿಗೆ ಮಳೆ ಹೊಡೆದರೆ ಪರಾಗ ತೊಳೆದು ಹೋಗಿ ಕಾಳು ಕಟ್ಟುವುದಿಲ್ಲ. ಅದನ್ನು ದಾಟಿ ಕಾಳು ಕಟ್ಟಿತೆನ್ನಿ, ಮಾಗಿದ ತೆನೆ ಗುಡುಗು ಮಳೆಗೆ ಒರಗಿ ಕೆಸರಿನಲ್ಲಿ ಮಲಗುತ್ತದೆ. ಕಡಿಮೆ ಅವಧಿಯ ತಳಿ ಅಂದರೆ ಬೇಗ ಕೈಸೇರುವ ಬೆಳೆ ಎಂದುಕೊಂಡು ಜೂನ್‌ನಲ್ಲೇ ಬಿತ್ತುವುದು ಘಟ್ಟದ ಅಂಚಿನ ಊರುಗಳಲ್ಲಿ ಕೈ ಸುಡುವುದು ಹೀಗೆ.

ಇನ್ನೊಂದು ತುದಿಯೂ ಇದೆ. ನವೆಂಬರ್ ಮೊದಲ ವಾರ ದಾಟಿದ ಮೇಲೆ ಹೂ ಬಂದರೆ ರಾತ್ರಿಯ ಚಳಿ ಕಾಡುತ್ತದೆ. ತೆನೆ ಇನ್ನೂ ಹೊಡೆಯೊಳಗೆ, ಅಂದರೆ ಎಲೆಯ ಒರೆಯೊಳಗೆ ಇರುವಾಗ ಉಷ್ಣತೆ 15–19 ಡಿಗ್ರಿಗೆ ಇಳಿದರೆ ಪರಾಗ ಬಂಜೆಯಾಗುತ್ತದೆ. ಮಳೆಯನ್ನೇ ನಂಬಿದ ಎತ್ತರದ ಮಕ್ಕಿಗದ್ದೆಯಲ್ಲಿ ಆ ಹೊತ್ತಿಗೆ ನೀರೂ ಆರಿರುತ್ತದೆ. ಆದ್ದರಿಂದ ಘಟ್ಟದಂಚಿನಲ್ಲಿ ಗುರಿ ಇಡಬೇಕಾದದ್ದು ಅಕ್ಟೋಬರ್ 5ರಿಂದ 25ರ ನಡುವಿನ ಹೂವಿಗೆ. ಶಿಕಾರಿಪುರ, ಭದ್ರಾವತಿ ಕಡೆ ಮಳೆ ಕಡಿಮೆ, ಹತ್ತು ಹದಿನೈದು ದಿನ ಮುಂಚೆಯಾದರೂ ನಡೆಯುತ್ತದೆ.

ದೇಸಿ ತಳಿಗಳು ಈ ಲೆಕ್ಕವನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಅವುಗಳಲ್ಲಿ ಹೆಚ್ಚಿನವು ಹಗಲಿನ ಉದ್ದ ನೋಡಿ ಹೂ ಬಿಡುವಂಥವು. ಜೂನ್ ಮೊದಲ ವಾರ ಬಿತ್ತಿದರೂ ಜುಲೈನಲ್ಲಿ ಬಿತ್ತಿದರೂ ಹಗಲು ಕುಗ್ಗಿದ ಮೇಲೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊಡೆ ಕಟ್ಟುತ್ತವೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಬಯಕೆಯ ಊಟ ಬಡಿಸುವ ಪದ್ಧತಿ ಆ ತಳಿಗಳ ಹೊಡೆಯ ಕಾಲಕ್ಕೆ ಸರಿಯಾಗಿ ಬರುವುದು ಅದಕ್ಕೇ. ಐಆರ್ 64, ಆರ್‌ಎನ್‌ಆರ್ 15048ರಂಥ ಹೊಸ ತಳಿಗಳಿಗೆ ಈ ಗುಣವಿಲ್ಲ. ಬಿತ್ತಿದ ದಿನದಿಂದ ಎಣಿಸಿ ಹೂ ಬಿಡುತ್ತವೆ. ದೇಶದ ಯಾವ ಮೂಲೆಯಲ್ಲೂ, ಯಾವ ಹಂಗಾಮಿನಲ್ಲೂ ಬೆಳೆಯಲಿ ಎಂದು ತಳಿವಿಜ್ಞಾನಿಗಳು ಬೇಕೆಂದೇ ಹಾಗೆ ಆರಿಸಿದರು. ಆಗ ದಿನ ಎಣಿಸುವ ಕೆಲಸ ಬೆಳೆಗಾರನ ಪಾಲಿಗೆ ಬಂತು.

125 ದಿನದ ಆರ್‌ಎನ್‌ಆರ್ 15048ನ್ನು ಜುಲೈ 10ಕ್ಕೆ ಬಿತ್ತಿದರೆ ಅಕ್ಟೋಬರ್ 13ಕ್ಕೆ ಹೂ, ನವೆಂಬರ್ 12ಕ್ಕೆ ಕೊಯ್ಲು. ಲೆಕ್ಕ ಸರಿಹೋಯಿತು. ಆದರೆ ಸಸಿ ನೆಡುವುದನ್ನು ತಡ ಮಾಡುವ ಹಾಗಿಲ್ಲ. ತಳಿಯ ಅವಧಿಯ ಪ್ರತಿ ತಿಂಗಳಿಗೆ ಒಂದು ವಾರದ ಸಸಿ ಎಂಬ ಹಳೆಯ ಅಳತೆಯಂತೆ ನಾಲ್ಕು ತಿಂಗಳ ಭತ್ತಕ್ಕೆ ನಾಲ್ಕು ವಾರದ ಸಸಿ. 35 ದಿನ ದಾಟಿದರೆ ಸಸಿಮಡಿಯಲ್ಲೇ ತೆನೆಯ ತಯಾರಿ ಶುರುವಾಗಿ, ನೆಟ್ಟ ಮೇಲೆ ತೆಂಡೆ ಒಡೆಯುವುದಿಲ್ಲ. ನೆಟ್ಟಿಗೆ ಆಳು ಸಿಗುವುದು ಖಾತ್ರಿಯಿಲ್ಲದ ಕಡೆ ಇದು ದೊಡ್ಡ ತೊಡಕು. ಇಂಟಾನ್‌ನಂಥ ದೀರ್ಘಾವಧಿ ತಳಿ, ಎತ್ತರದ ದೇಸಿ ತಳಿಗಳು 40–45 ದಿನದ ಸಸಿಯನ್ನೂ ತಾಳಿಕೊಳ್ಳುತ್ತವೆ. ಯಂತ್ರದ ನೆಟ್ಟಿ ಮಾಡಿಸುವವರಿಗೆ ಈ ಚಿಂತೆ ಕಡಿಮೆ. ಅಲ್ಲಿ ಹೇಗೂ 15–18 ದಿನದ ಟ್ರೇ ಸಸಿಯೇ ಬೇಕು.

ಬೆಂಕಿರೋಗ

ಮಲೆನಾಡಿನಲ್ಲಿ ಒಳ್ಳೊಳ್ಳೆಯ ಹೆಸರಿನ ತಳಿಗಳನ್ನು ಕೆಡವಿದ್ದು ಇದು. ಎಲೆ 10–12 ಗಂಟೆ ಒದ್ದೆಯಾಗಿದ್ದು ಉಷ್ಣತೆ 20ರಿಂದ 26 ಡಿಗ್ರಿ ಇದ್ದರೆ ಮ್ಯಾಗ್ನಪೋರ್ತೆ ಒರೈಝೇ ಶಿಲೀಂಧ್ರಕ್ಕೆ ಹಬ್ಬ. ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಇದು ದಿನನಿತ್ಯದ ಸ್ಥಿತಿ. ಎಲೆಯ ಮೇಲೆ ಕಣ್ಣಿನಾಕಾರದ, ನಡುವೆ ಬೂದು ಬಣ್ಣದ, ಅಂಚು ಕಂದಾದ ಚುಕ್ಕೆ ಮೂಡುತ್ತದೆ. ಎಲೆಯ ರೋಗಕ್ಕಿಂತ ಕೆಟ್ಟದ್ದು ಕುತ್ತಿಗೆಯದು. ತೆನೆಯ ಬುಡದ ಗೆಣ್ಣು ಕಪ್ಪಾಗಿ, ತೆನೆ ಬೆಳ್ಳಗೆ ನೆಟ್ಟಗೆ ನಿಂತು, ಮುಟ್ಟಿದರೆ ಮುರಿಯುತ್ತದೆ. ಕಾಂಡಕೊರಕದಿಂದಲೂ ಬಿಳಿ ತೆನೆ ಬರುತ್ತದೆ. ತೆನೆಯನ್ನು ಮೆಲ್ಲಗೆ ಎಳೆದು ನೋಡಿ: ಸಲೀಸಾಗಿ ಕಿತ್ತು ಬಂದು ಬುಡ ಕೊರೆದಂತಿದ್ದರೆ ಹುಳು, ಕಿತ್ತು ಬರದೆ ಗೆಣ್ಣು ಕಪ್ಪಾಗಿದ್ದರೆ ರೋಗ. ಇದನ್ನು ಗುರುತಿಸದೆ ರೋಗಕ್ಕೆ ಕೀಟನಾಶಕ ಹೊಡೆದು ದುಡ್ಡು ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

'ಬೆಂಕಿರೋಗ ತಡೆಯುತ್ತದೆ' ಎಂಬ ಮಾತಿಗೆ ಸಮಾಧಾನಪಡಬೇಡಿ, ಅಂಕ ಕೇಳಿ. ಪರೀಕ್ಷೆಯಲ್ಲಿ 0ಯಿಂದ 9ರವರೆಗೆ ಅಂಕ ಕೊಡುತ್ತಾರೆ. 3ರವರೆಗೆ ಬಂದದ್ದು ನಿರೋಧಕ, 4–5 ಮಧ್ಯಮ, ಅದಕ್ಕಿಂತ ಮೇಲಿನದು ರೋಗಕ್ಕೆ ತುತ್ತಾಗುವಂಥದ್ದು. ಎಲೆಗೂ ಕುತ್ತಿಗೆಗೂ ಬೇರೆ ಬೇರೆ ಅಂಕ. ಎಲೆಯಲ್ಲಿ ಗೆದ್ದದ್ದು ಕುತ್ತಿಗೆಯಲ್ಲೂ ಗೆಲ್ಲಬೇಕೆಂದಿಲ್ಲ.

ಈಗ ಕೆಲವು ಹೆಸರುಗಳನ್ನು ಹೂವಿನ ದಿನ, ಬೆಂಕಿರೋಗ ಎಂಬ ಎರಡು ಜರಡಿಗಳಲ್ಲಿ ಹಾಯಿಸಿ ನೋಡೋಣ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಸುಮಾರು 150 ದಿನದ್ದು. ಹೂವಿನ ದಿನ ನಮಗೆ ಚೆನ್ನಾಗಿ ಒಪ್ಪುತ್ತದೆ. ಅಕ್ಕಿಗೆ ಬೇಡಿಕೆ ಹೇಳಬೇಕಿಲ್ಲ. ಬೆಂಕಿರೋಗದ ಮುಂದೆ ಮಾತ್ರ ನಿಲ್ಲುವುದಿಲ್ಲ. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯ ಹೆಸರು ಕೇಳಿ, ಸುಧಾರಿಸಿದ್ದಾರಲ್ಲ ಎಂದು ತಂದು ಹಾಕುವವರಿದ್ದಾರೆ. ಹೈದರಾಬಾದ್‌ನ ಭತ್ತ ಸಂಸ್ಥೆ ಮತ್ತು ಅಲ್ಲಿನ ಜೀವಕೋಶ-ಅಣುಜೀವವಿಜ್ಞಾನ ಕೇಂದ್ರ ಸಿಸಿಎಂಬಿ ಸೇರಿ ಅದರೊಳಗೆ ಕೂಡಿಸಿದ್ದು ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ವಂಶವಾಹಿ. ಮೂರೂ ದುಂಡಾಣು ಅಂಗಮಾರಿಯನ್ನು ತಡೆಯುವಂಥವು. ಬೆಂಕಿರೋಗಕ್ಕೆ ಅವುಗಳಿಂದ ಏನೂ ಪ್ರಯೋಜನವಿಲ್ಲ. ಎಲೆ ತುದಿಯಿಂದ ಅಂಚಿನುದ್ದಕ್ಕೂ ಹಳದಿಯಾಗಿ ಒಣಗುವ ಅಂಗಮಾರಿ ನಿಮ್ಮ ಗದ್ದೆಯ ಮುಖ್ಯ ತೊಂದರೆಯಾಗಿದ್ದರೆ, ಭದ್ರಾ ಅಚ್ಚುಕಟ್ಟಿನ ಕಡೆ ಅದನ್ನು ಆರಿಸಬಹುದು. ಆಗುಂಬೆ, ಹುಲಿಕಲ್ ದಿಕ್ಕಿಗೆ ಬೇಡ.

ತೆಲಂಗಾಣ ಸೋನಾ ಎಂದು ಕರೆಯುವ ಆರ್‌ಎನ್‌ಆರ್ 15048 ಬೆಂಕಿರೋಗವನ್ನು ತಾಳಿಕೊಳ್ಳುತ್ತದೆ, ಕಾಳು ಬಹಳ ಸಣ್ಣ. ಎಂಟಿಯು 1010 ಅದರ ಹೆತ್ತ ತಳಿಗಳಲ್ಲೊಂದು. ಸಣ್ಣಕ್ಕಿ ಬೇಕು, ಸಾಂಬಾ ಮಸೂರಿ ನಿಲ್ಲದು ಎನ್ನುವ ಕಡೆ ಇದೇ ಮೊದಲ ಆಯ್ಕೆ, ಜುಲೈ ಬಿತ್ತನೆಯ ಷರತ್ತಿನೊಂದಿಗೆ. ಸಾರಜನಕ ಹೆಚ್ಚಾದರೆ ಒರಗುತ್ತದೆ ಎಂಬುದೂ ನೆನಪಿರಲಿ. ಆಂಧ್ರದ ಮಾರುಟೇರಿನ ಎಂಟಿಯು 1001, ಅಂದರೆ ವಿಜೇತಾ, 130–135 ದಿನದ್ದು. ಕಂದು ಜಿಗಿಹುಳುವನ್ನು ತಡೆಯುವುದು ಅದರ ಬಲ. ಜಯಾ ಈಗ ಘಟ್ಟದಂಚಿಗೆ ತಕ್ಕದ್ದಲ್ಲ. ಇಂಡೋನೇಷ್ಯಾ ಮೂಲದ ಇಂಟಾನ್ ಇಷ್ಟು ವರ್ಷ ಉಳಿದುಕೊಂಡಿರುವುದು ರೋಗ ತಾಳುವ ಗುಣದಿಂದ ಮತ್ತು ಅಕ್ಟೋಬರ್ ಕೊನೆಯ ಹೂವಿನಿಂದ. ಎತ್ತರ ಹೆಚ್ಚು, ಗೊಬ್ಬರ ಕೊಟ್ಟರೆ ಮಲಗುತ್ತದೆ, ಕಂಬೈನ್ ಹಾರ್ವೆಸ್ಟರ್‌ಗೆ ಕಷ್ಟ.

ಕೆಂಪಕ್ಕಿ ಬೆಳೆಯುವವರಲ್ಲಿ ಬಹುಮಂದಿಯ ಆಯ್ಕೆ ಜ್ಯೋತಿ. ಕೇರಳದ ಪಟ್ಟಾಂಬಿಯಲ್ಲಿ ಪಿಟಿಬಿ 10 ಮತ್ತು ಐಆರ್ 8 ಸಂಕರದಿಂದ ಬಂದು 1974ರಲ್ಲಿ ಬಿಡುಗಡೆಯಾದದ್ದು. ನಮ್ಮ ಕಡೆ ಬೆಂಕಿರೋಗ ಅದನ್ನು ಹಣ್ಣು ಮಾಡಿದ ಮೇಲೆ ಶಿವಮೊಗ್ಗದ ವಿಶ್ವವಿದ್ಯಾಲಯದವರು ಜ್ಯೋತಿಯನ್ನು ರೋಗ ತಾಳುವ ಅಕ್ಕಲು ತಳಿಯೊಂದಿಗೆ ಸಂಕರ ಮಾಡಿ ಸಹ್ಯಾದ್ರಿ ಮೇಘ ತಂದರು. ಸುಮಾರು 120 ದಿನದ ತಳಿ. ಜ್ಯೋತಿ ಹಾಕುತ್ತಿದ್ದ ಗದ್ದೆಗೆ ನೇರ ಬದಲಿ. ಆದರೆ ಇದಕ್ಕೂ ಜುಲೈ ಬಿತ್ತನೆಯೇ ಸರಿ. ಕರಾವಳಿಯ ನೆರೆ ಗದ್ದೆಗೆಂದು ಬ್ರಹ್ಮಾವರ ಕೇಂದ್ರ ರೂಪಿಸಿದ ಸಹ್ಯಾದ್ರಿ ಪಂಚಮುಖಿ ಬೇರೆ ಉದ್ದೇಶದ್ದು. ಹೆಸರಿನ ಮೊದಲರ್ಧ ಒಂದೇ ಎಂದು ಬದಲಾಯಿಸಿ ಕೊಳ್ಳಬೇಡಿ.

ನಿರೋಧಕ ತಳಿಯ ಬಗ್ಗೆ ಒಂದು ಎಚ್ಚರ. ಹೆಚ್ಚಿನ ತಳಿಗಳ ನಿರೋಧ ಒಂದೆರಡು ವಂಶವಾಹಿಗಳ ಮೇಲೆ ನಿಂತಿರುತ್ತದೆ. ಶಿಲೀಂಧ್ರದಲ್ಲಿ ಹೊಸ ಪ್ರಭೇದ ಎದ್ದರೆ ಆ ಬೀಗ ತೆರೆದುಕೊಳ್ಳುತ್ತದೆ. ಊರಿಗೆ ಊರೇ ಒಂದೇ ತಳಿ ಹಾಕಿದಾಗ ಇದು ಬೇಗ ಆಗುತ್ತದೆ. ಎರಡು ಎಕರೆ ಇದ್ದವರೂ ಎರಡು ತಳಿ ಹಾಕುವುದು ಒಳಿತು, ಒಂದಕ್ಕೊಂದು ಸಂಬಂಧವಿಲ್ಲದ ಮನೆತನದ್ದಾದರೆ ಇನ್ನೂ ಒಳಿತು.

ತಳಿಯ ನಿರೋಧವನ್ನು ನಾವೇ ಕೆಡಿಸುವುದೂ ಉಂಟು, ಯೂರಿಯಾದಿಂದ. ಎಕರೆಗೆ ಒಟ್ಟು 30 ಕೆಜಿ ಸಾರಜನಕ ಗಿಡ್ಡ ತಳಿಗೆ ಸಾಕು. ಅದು 65 ಕೆಜಿ ಯೂರಿಯಾಕ್ಕೆ ಸಮ. ಡಿಎಪಿ ಹಾಕಿದ್ದರೆ ಅದರಲ್ಲಿರುವ ಶೇ. 18 ಸಾರಜನಕವನ್ನು ಇದರಿಂದ ಕಳೆಯಬೇಕು. ಅರ್ಧ ನೆಡುವಾಗ, ಕಾಲು ಭಾಗ ತೆಂಡೆ ಒಡೆಯುವಾಗ, ಇನ್ನು ಕಾಲು ಭಾಗ ತೆನೆ ಮೊಗ್ಗು ಮೂಡುವಾಗ. ಜಡಿಮಳೆ ಹಿಡಿದಿದ್ದರೆ ಮೇಲುಗೊಬ್ಬರವನ್ನು ಬಿಸಿಲು ಕಾಣುವವರೆಗೆ ತಡೆಹಿಡಿಯಿರಿ. ಎತ್ತರದ ದೇಸಿ ತಳಿಗೆ ಇದರ ಅರ್ಧ ಸಾಕು. ಪೊಟ್ಯಾಷ್ ಸಾರಜನಕಕ್ಕಿಂತ ಕಡಿಮೆಯಾಗದಿರಲಿ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಮಧ್ಯಮ ಅಂಕದ ತಳಿ ಹಾಕಿದವರು ಟ್ರೈಸೈಕ್ಲಝೋಲ್ 75 ಪುಡಿಯನ್ನು ಲೀಟರ್ ನೀರಿಗೆ 0.6 ಗ್ರಾಂನಂತೆ ಎರಡು ಸಲ ಸಿಂಪಡಿಸಲು ಸಿದ್ಧರಿರಬೇಕು: ಎಲೆಯಲ್ಲಿ ಮೊದಲ ಚುಕ್ಕೆ ಕಂಡಾಗ ಒಮ್ಮೆ, ತೆನೆ ಹೊಡೆಯಿಂದ ಇಣುಕುವಾಗ ಇನ್ನೊಮ್ಮೆ. ಕುತ್ತಿಗೆ ಕಪ್ಪಾದ ಮೇಲೆ ಹೊಡೆದರೆ ಆ ತೆನೆ ಮರಳಿ ಬರುವುದಿಲ್ಲ.

ನೀರು: ಮುಳುಗುವುದೂ ನಿಲ್ಲುವುದೂ ಬೇರೆ

ವರದಾ ನದಿಯ ಬದಿಯ ಸೊರಬ, ಸಾಗರದ ತಗ್ಗು ಗದ್ದೆಗಳಿಗೆ ಸಬ್1 ತಳಿಗಳ ಹೆಸರು ಕೇಳಿಬರುತ್ತದೆ. ಒಡಿಶಾದ ದೇಸಿ ಭತ್ತದಿಂದ ಆರಿಸಿದ ಎಫ್‌ಆರ್ 13ಎ ತಳಿಯ ಒಂದು ವಂಶವಾಹಿಯನ್ನು ಸ್ವರ್ಣಾಕ್ಕೆ ಸೇರಿಸಿ 2009ರಲ್ಲಿ ಸ್ವರ್ಣಾ-ಸಬ್1 ಬಿಡುಗಡೆ ಮಾಡಿದರು. ಅದು ಕೆಲಸ ಮಾಡುವ ಬಗೆ ಹೀಗೆ: ಪೂರ್ತಿ ಮುಳುಗಿದಾಗ ಸಾಮಾನ್ಯ ಭತ್ತ ನೀರಿನ ಮೇಲೆ ಬರಲು ಉದ್ದವಾಗಿ ಬೆಳೆದು ಇದ್ದ ಸಕ್ಕರೆಯನ್ನೆಲ್ಲ ಖರ್ಚು ಮಾಡಿಕೊಳ್ಳುತ್ತದೆ, ನೀರಿಳಿದ ಮೇಲೆ ಬಿದ್ದುಹೋಗುತ್ತದೆ. ಸಬ್1 ಇರುವ ಪೈರು ಬೆಳವಣಿಗೆ ನಿಲ್ಲಿಸಿ ಸುಮ್ಮನಿದ್ದುಬಿಡುತ್ತದೆ. ಸುಮಾರು ಎರಡು ವಾರ ಹೀಗೆ ತಾಳಿ, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ.

ನೆರೆ ಬಂದು ವಾರದಲ್ಲಿ ಇಳಿಯುವ ಗದ್ದೆಗೆ ಇದು ಸರಿ. ತೊಡೆಮಟ್ಟ ನೀರು ತಿಂಗಳುಗಟ್ಟಲೆ ನಿಲ್ಲುವ ಬೈಲಿಗೆ ಸರಿಯಲ್ಲ. ಅಲ್ಲಿ ಸುಮ್ಮನಿರುವುದೇ ಸಾವು, ನೀರಿನ ಜೊತೆ ಎತ್ತರ ಏರುವ ಪೈರು ಬೇಕು. ನೆರೆಗುಳಿ, ಎಡಿಕುಣಿ, ಜಡ್ಡುಭತ್ತ ಈ ಭಾಗದಲ್ಲಿ ಉಳಿದಿರುವುದು ಇದೇ ಕಾರಣಕ್ಕೆ. ಸ್ವರ್ಣಾ ಮೂಲದ ತಳಿ ಬೆಂಕಿರೋಗಕ್ಕೂ ತುತ್ತಾಗುತ್ತದೆ ಎಂಬುದು ಇನ್ನೊಂದು ತೊಡಕು. ಹಾಗಾಗಿ ನಿಮ್ಮ ಗದ್ದೆಯಲ್ಲಿ ಒಂದು ಕೋಲು ನೆಟ್ಟು, ಆಗಸ್ಟ್‌ನಲ್ಲಿ ನೀರು ಎಷ್ಟು ಏರಿತು, ಎಷ್ಟು ದಿನಕ್ಕೆ ಇಳಿಯಿತು ಎಂದು ಒಂದು ಮಳೆಗಾಲ ಬರೆದಿಡಿ. ಪೈರು ಪೂರ್ತಿ ಮುಳುಗಿ 15 ದಿನದೊಳಗೆ ನೀರು ಇಳಿದರೆ ಸಬ್1 ಇರುವ ತಳಿ ಪ್ರಯತ್ನಿಸಬಹುದು. ಅರ್ಧಂಬರ್ಧ ಮುಳುಗಿ ಒಂದು ತಿಂಗಳು ನಿಂತರೆ ದೇಸಿ ತಳಿಯನ್ನೇ ಬಿಡಬೇಡಿ.

ಬೈಲಿನಲ್ಲಿ ಎಲೆ ಕಂದು ಚುಕ್ಕೆಯಾಗಿ, ನೀರಿನ ಮೇಲೆ ತುಕ್ಕಿನ ಬಣ್ಣದ ಎಣ್ಣೆಯಂಥ ಪೊರೆ ಕಂಡರೆ ಅದು ರೋಗವಲ್ಲ, ಕಬ್ಬಿಣದ ನಂಜು. ತಳಿ ಬದಲಿಸುವ ಮೊದಲು ಬಸಿಗಾಲುವೆ ತೆಗೆದು, ಎಕರೆಗೆ 200 ಕೆಜಿಯಷ್ಟು ಸುಣ್ಣ ಕೊಟ್ಟು ನೋಡಬೇಕು.

ಹೈಬ್ರಿಡ್ ಮತ್ತು ಇನ್ನೂ ಹೊಸವು

ಹೈಬ್ರಿಡ್ ಭತ್ತಕ್ಕೆ ಎಕರೆಗೆ 8 ಕೆಜಿ ಬೀಜ ಸಾಕು. ಸಾಮಾನ್ಯ ತಳಿಗೆ 25 ಕೆಜಿ, ಎಳೆ ಸಸಿಯನ್ನು ಅಂತರ ಬಿಟ್ಟು ಒಂದೊಂದಾಗಿ ನೆಡುವ ಶ್ರೀ ಪದ್ಧತಿಯಲ್ಲಿ 2 ಕೆಜಿ. ಮಂಡ್ಯದ ವಿ.ಸಿ. ಫಾರ್ಮ್‌ನ ಕೆಆರ್‌ಎಚ್-2 ಬಂದದ್ದು 1996ರಲ್ಲಿ, ಕೆಆರ್‌ಎಚ್-4 ಆಮೇಲಿನದು. ಬಿಸಿಲಿರುವ, ನೀರು ಹಿಡಿತದಲ್ಲಿರುವ ಶಿವಮೊಗ್ಗ-ಭದ್ರಾವತಿ ಬಯಲಿನಲ್ಲಿ ಇವುಗಳ ಹೆಚ್ಚುವರಿ ಇಳುವರಿ ಕೈಗೆ ಸಿಗುತ್ತದೆ. ಘಟ್ಟದಂಚಿನ ಮೋಡದಲ್ಲಿ ಬೀಜದ ಬೆಲೆಯ ವ್ಯತ್ಯಾಸವೇ ಹುಟ್ಟುವುದು ಅನುಮಾನ. ಬೆಳೆದದ್ದರಲ್ಲಿ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಎತ್ತರ, ಅವಧಿ, ಕಾಳು ಎಲ್ಲವೂ ಒಡೆದು ಹತ್ತು ತರದ ಪೈರು ಏಳುತ್ತದೆ.

ವಂಶವಾಹಿ ತಿದ್ದಿದ ಎರಡು ಭತ್ತಗಳನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ್ದಾರೆ. ಡಿಆರ್‌ಆರ್ ಧಾನ್ 100, ಅಂದರೆ ಕಮಲಾ, ಸಾಂಬಾ ಮಸೂರಿಯಿಂದ ಮಾಡಿದ್ದು. ಪೂಸಾ ಡಿಎಸ್‌ಟಿ ರೈಸ್ 1 ಎಂಟಿಯು 1010ರಿಂದ. ಕಮಲಾ ಸುಮಾರು 20 ದಿನ ಬೇಗ ಮಾಗುತ್ತದೆ ಎನ್ನುವುದು ಅದರ ಹೆಗ್ಗಳಿಕೆಗಳಲ್ಲೊಂದು. ಮೇಲಿನ ದಿನದ ಲೆಕ್ಕ ಮಾಡಿದವರಿಗೆ ಗೊತ್ತಾಗಿರುತ್ತದೆ, ಜೂನ್‌ನಲ್ಲಿ ಬಿತ್ತುವ ಮಲೆನಾಡಿಗೆ ಈ ಬೇಗ ಮಾಗುವ ಗುಣ ವರವೇನೂ ಅಲ್ಲ. ತಾಯಿ ತಳಿಯ ಬೆಂಕಿರೋಗದ ದೌರ್ಬಲ್ಯವನ್ನು ಈ ತಿದ್ದುಪಡಿ ಮುಟ್ಟಿಲ್ಲ. ಪೊನ್ನಂಪೇಟೆ, ಮೂಡಿಗೆರೆಯಂಥ ಕಡೆಯ ಅಂಕಗಳು ಕೈಗೆ ಸಿಗುವವರೆಗೆ ಕಾಯುವುದರಲ್ಲಿ ನಷ್ಟವೇನಿಲ್ಲ.

ದೇಸಿ ತಳಿಯನ್ನು ತೂಗುವ ಬಗೆ

ಜೀರಿಗೆಸಣ್ಣ, ಗಂಧಸಾಲೆಯಂಥ ಪರಿಮಳದ ಭತ್ತವನ್ನು ಹೊಸ ತಳಿಯ ಕ್ವಿಂಟಲ್ ಜೊತೆ ಹೋಲಿಸುವುದು ತಪ್ಪು ಲೆಕ್ಕ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2369 ರೂಪಾಯಿ, ಎ ದರ್ಜೆಗೆ 2389. ಸರ್ಕಾರದ ತಕ್ಕಡಿಯಲ್ಲಿ ಗುಣಮಟ್ಟದ ಬೆಲೆ 20 ರೂಪಾಯಿ ಮಾತ್ರ. ಪರಿಮಳಕ್ಕೆ ಬೆಲೆ ಸಿಗುವುದು ಅಕ್ಕಿ ಮಾಡಿಸಿ ನೇರ ಮನೆಗಳಿಗೆ ಮಾರಿದರೆ. ಹಾಗೆ ಮಾರುವ ದಾರಿ ಇಲ್ಲದಿದ್ದರೆ ಮನೆಯ ಊಟಕ್ಕೆ ಬೇಕಾದ ಐದಾರು ಗುಂಟೆ ಸಾಕು. ದನ ಕಟ್ಟಿದವರು ಹುಲ್ಲನ್ನೂ ತೂಗಬೇಕು. ಎತ್ತರದ ತಳಿಯ ಹುಲ್ಲಿನ ರಾಶಿ ಎದ್ದು ಕಾಣುವಷ್ಟು ದೊಡ್ಡದು. ಕಂಬೈನ್‌ನಲ್ಲಿ ಕೊಯ್ದ ಗಿಡ್ಡ ತಳಿಯಲ್ಲಿ ಹುಲ್ಲು ಪುಡಿಯಾಗಿ ಗದ್ದೆಯಲ್ಲೇ ಉಳಿಯುತ್ತದೆ.

ಬೀಜವನ್ನು ಎತ್ತಿಡುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರಿಗೆ ಇದೆ. ಆದ್ದರಿಂದ ನೆರೆಗುಳಿಯಂಥ ಬೀಜಕ್ಕೆ ಅಂಗಡಿ ಕಾಯುವುದಕ್ಕಿಂತ ಬೆಳೆಯುವವರ ಮನೆಯಿಂದ ತರುವುದೇ ಸರಿ.

ಚೀಟಿ, ಬೀಜ ಪರೀಕ್ಷೆ ಮತ್ತು ಸ್ವಂತ ತಾಕು

ಚೀಲದ ಚೀಟಿಯ ಬಣ್ಣ ನೋಡಿ. ತಳಿವರ್ಧಕ ಬೀಜಕ್ಕೆ ಹೊನ್ನ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತಕ್ಕೆ ನೀಲಿ, ಗುಣಮಟ್ಟವನ್ನು ಮಾರುವವರೇ ಬರೆದುಕೊಡುವ ನಿಜಚೀಟಿ ಬೀಜಕ್ಕೆ ಹಸಿರು. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಶೇ. 80 ಮೊಳಕೆ, ಶೇ. 98 ಶುದ್ಧತೆ, ತೇವಾಂಶ ಶೇ. 13ರೊಳಗೆ ಇರಬೇಕು. ಆದರೂ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ನೋಡಿಯೇ ಬಿತ್ತಿ. ಜೊಳ್ಳು ಬೇರೆ ಮಾಡಲು ಉಪ್ಪುನೀರು: ತಾಜಾ ಕೋಳಿಮೊಟ್ಟೆಯ ನೆತ್ತಿ ನಾಲ್ಕಾಣೆ ಬಿಲ್ಲೆಯಷ್ಟು ಮೇಲೆ ಕಾಣುವವರೆಗೆ ಉಪ್ಪು ಕರಗಿಸಿ, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು. ತೊಳೆಯದೆ ಬಿಟ್ಟರೆ ಮೊಳಕೆ ಕೆಡುತ್ತದೆ.

ಕೊಯ್ಲಿನ ಕಾಲದಲ್ಲಿ ಮಳೆ ಬರುವ ನಮ್ಮಲ್ಲಿ ಇನ್ನೊಂದು ಗುಣವನ್ನು ಪರೀಕ್ಷಿಸಬೇಕು, ಅದನ್ನು ಚೀಟಿ ಹೇಳುವುದಿಲ್ಲ. ಮಾಗಿದ ತೆನೆಯನ್ನು ಕೊಯ್ದ ದಿನವೇ ಒದ್ದೆ ಬಟ್ಟೆಯಲ್ಲಿ ಸುತ್ತಿ ವಾರ ಇಡಿ. ಹೆಚ್ಚಿನ ಕಾಳು ಮೊಳೆತರೆ ಆ ತಳಿಗೆ ಸುಪ್ತಾವಸ್ಥೆ ಇಲ್ಲ, ಒರಗಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ಮೊಳೆಯದಿದ್ದರೆ ಮಳೆಗಾಲಕ್ಕೆ ಒಳ್ಳೆಯದು. ಆದರೆ ಆ ಬೀಜವನ್ನು ಕೂಡಲೇ ಬೇಸಿಗೆ ಬೆಳೆಗೆ ಬಿತ್ತಲಾಗದು, ಕೆಲವು ವಾರ ಬಿಡಬೇಕು.

ಹೊಸ ತಳಿಯನ್ನು ಮೊದಲ ವರ್ಷ ಐದು ಗುಂಟೆಗಿಂತ ಹೆಚ್ಚು ಹಾಕಬೇಡಿ. ಪಕ್ಕದಲ್ಲೇ ಹಳೆಯ ತಳಿ ಇರಲಿ, ಎರಡಕ್ಕೂ ಒಂದೇ ವಯಸ್ಸಿನ ಸಸಿ, ಒಂದೇ ಗೊಬ್ಬರ. ಅವಧಿ ಬೇರೆಯಾದರೆ ಬಿತ್ತನೆಯನ್ನು ಹಿಂದುಮುಂದು ಮಾಡಿ ಹೂವನ್ನು ಒಂದೇ ವಾರಕ್ಕೆ ತನ್ನಿ, ಇಲ್ಲವಾದರೆ ಹೋಲಿಸುವುದು ತಳಿಯನ್ನಲ್ಲ, ಆ ವಾರದ ಮಳೆಯನ್ನು. ನಡುವೆ 3 ಮೀಟರ್ ಅಂತರ ಬಿಟ್ಟರೆ ಬೀಜಕ್ಕೂ ಬಳಸಬಹುದು. ಶೇಕಡ 50 ತೆನೆ ಹೊರಬಂದ ದಿನಾಂಕ ಬರೆದುಕೊಳ್ಳಿ. ಕೊಯ್ಲಿನಲ್ಲಿ ಬದುವಿನಿಂದ ದೂರದ ಮೂರು ಕಡೆ ಒಂದೊಂದು ಚದರ ಮೀಟರ್ ಕೊಯ್ದು, ಬಡಿದು, ತೂರಿ ತೂಗಿ. ತೇವಾಂಶ ಅಳೆದು, ತೂಕವನ್ನು (100 ಕಳೆ ತೇವಾಂಶ)ದಿಂದ ಗುಣಿಸಿ 86ರಿಂದ ಭಾಗಿಸಿದರೆ ಶೇ. 14 ತೇವಾಂಶದ ಲೆಕ್ಕಕ್ಕೆ ಬರುತ್ತದೆ. ಶೇ. 22 ತೇವಾಂಶದ 500 ಗ್ರಾಂ ಹೀಗೆ 453 ಗ್ರಾಂ ಆಗುತ್ತದೆ. ಎಕರೆಯ 4047 ಚದರ ಮೀಟರ್‌ನಿಂದ ಗುಣಿಸಿದರೆ 18 ಕ್ವಿಂಟಲ್ ಚಿಲ್ಲರೆ. ಹಸಿ ತೂಕವನ್ನೇ ಹಿಡಿದಿದ್ದರೆ 20 ಎಂದು ಹೇಳುತ್ತಿದ್ದೆವು. ಎರಡು ತಳಿಗಳ ನಡುವಿನ ವ್ಯತ್ಯಾಸ ಎರಡು ಕ್ವಿಂಟಲ್‌ಗಿಂತ ಕಡಿಮೆಯಿದ್ದರೆ ಒಂದು ವರ್ಷದ ಅಂಕಿಯಿಂದ ಏನೂ ತೀರ್ಮಾನಿಸಬೇಡಿ, ಇನ್ನೊಂದು ಮಳೆಗಾಲ ಬೆಳೆದು ನೋಡಿ.